ಸೋಮವಾರಕ್ಕೆ ಉಳಿಸದ ಗಸಿ

ಸುಳ್ಯದಿಂದ ಪಯಸ್ವಿನಿ ದಾಟಿ ಅಜ್ಜಾವರದ ಮೂಲಕ ಮಂಡೆಕೋಲಿಗೆ ಬರುವಾಗ, ಅದು ಆಟಿ ತಿಂಗಳ ಆದಿತ್ಯವಾರವಾದರೆ, ಊರು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ತೋಟದಲ್ಲಿ ಒದ್ದೆಯಾಗಿ ಬಿದ್ದ ಸೋಗೆಯ ವಾಸನೆ, ರಬ್ಬರ್ ಶೀಟಿಗೆ ಹೊಗೆ ಹಾಕುವ ಗೂಡಿನ ಹುಳಿ ಕಮಟು, ಯಾರದೋ ಬಚ್ಚಲೊಲೆಯಲ್ಲಿ ಹತ್ತಿಕೊಳ್ಳಲು ಒಲ್ಲದ ಹಸಿ ಕಟ್ಟಿಗೆಯ ಹೊಗೆ. ಇವೆಲ್ಲದರ ನಡುವೆ, ಬೆಳಗಿನ ಚಹಾ ಮುಗಿದು ಸ್ವಲ್ಪ ಹೊತ್ತಿಗೆ, ಒಂದೊಂದೇ ಮನೆಯಿಂದ ಕೊತ್ತಂಬರಿ ಹುರಿಯುವ ಪರಿಮಳ ಎದ್ದು ರಸ್ತೆಗೆ ಬರುತ್ತದೆ. ಅಂಥ ಒಂದು ಮನೆಗೆ ಹೋಗೋಣ. ಅಂಗಳವೆಲ್ಲ ಪಾಚಿ ಕಟ್ಟಿದೆ. ಕಾಲು ಜಾರದಿರಲೆಂದು ಸೋಗೆ ಹಾಸಿದ್ದಾರೆ, ಅದರ ಮೇಲೆಯೇ ಹೆಜ್ಜೆಯಿಟ್ಟು ಬನ್ನಿ.

ಒಳಗೆ ಗ್ಯಾಸಿನ ಒಲೆ ಇದೆ. ಅದು ಚಹಾಕ್ಕೆ, ಹಾಲು ಕಾಯಿಸಲಿಕ್ಕೆ, ಅವಸರದ ವಾರದ ದಿನಗಳಿಗೆ. ಆದಿತ್ಯವಾರದ ಅಡುಗೆ ನಡೆಯುವುದು ಹಿಂದಿನ ಜಗಲಿಗೆ ತಾಗಿದ ಕಟ್ಟಿಗೆ ಒಲೆಯಲ್ಲಿ. ಒಲೆಯ ಬಾಯಿಯಲ್ಲಿ ಕೊತ್ತಳಿಗೆ, ಪಕ್ಕದಲ್ಲಿ ಉರಿ ಏರಿಸಬೇಕಾದಾಗ ಎಸೆಯಲು ಗೆರಟೆಯ ರಾಶಿ. ಅಜ್ಜಿ ಹೆರೆಮಣೆಯ ಮೇಲೆ ಕೂತಿದ್ದಾರೆ. ಕಾಯಿಯ ಕಡಿಯನ್ನು ಅಂಗೈಯಲ್ಲಿ ತಿರುಗಿಸುವ ಅವರ ಕೈಗೆ ಒಂದು ಲಯವಿದೆ. ಸರ್ ಸರ್ ಎಂದು ನಾಲ್ಕು ಸುತ್ತು, ಆಮೇಲೆ ಬಟ್ಟಲಿಗೆ ಒಂದು ತಟ್ಟು. ಬೆಂಗಳೂರಿನಿಂದ ಬಂದ ಮೊಮ್ಮಗಳು ಬೆಲ್ಲದ ಚೂರು ಹಿಡಿದು ಹಿಂದಿನಿಂದ ಬಂದು ಒಂದು ಚಿಟಿಕೆ ತುರಿ ಎತ್ತಿ ಓಡುತ್ತಾಳೆ. ಅಜ್ಜಿ ನೋಡದ ಹಾಗೆ ಇರುತ್ತಾರೆ. ಒಂದು ಕಡಿ ಕಾಯಿ ಹೆಚ್ಚಿಗೆ ಒಡೆದದ್ದೇ ಅದಕ್ಕೆ.

ಕೋಳಿಯ ಕೆಲಸ ಶುರುವಾದದ್ದು ನಿನ್ನೆ ಸಂಜೆ. ಊರಿನ ಕೋಳಿಯನ್ನು ಬೆಳಿಗ್ಗೆ ಗೂಡಿನಿಂದ ಬಿಟ್ಟರೆ ಮುಗಿಯಿತು, ಅದು ತೋಟದ ಆಚೆಗಿನ ಗುಡ್ಡಕ್ಕೆ ಹೋಗಿ ಕೂರುತ್ತದೆ, ಹಿಡಿಯಲು ಹೋದವರು ತೋಡಿಗೆ ಬೀಳುತ್ತಾರೆ. ಹಾಗಾಗಿ ಕತ್ತಲಾದ ಮೇಲೆ ಟಾರ್ಚು ಹಿಡಿದು ಅಜ್ಜಿಯೇ ಆರಿಸಿ, ಬುಟ್ಟಿ ಕವುಚಿ ಹಾಕಿಟ್ಟಿದ್ದರು. ಈಗ ಪುಕ್ಕ ತೆಗೆದಾಗಿದೆ. ಮಡಲಿನ ಒಣಗರಿ ಉರಿಸಿ ಅದರ ಜ್ವಾಲೆಯಲ್ಲಿ ಕೋಳಿಯನ್ನು ಆಚೀಚೆ ತಿರುಗಿಸಿ ಸುಡುತ್ತಾರೆ. ಸಣ್ಣ ರೋಮಗಳು ಚುರ್ರೆಂದು ಹೋಗಿ, ಚರ್ಮ ಬಿಗಿದು, ಕೊಬ್ಬು ಮಿನುಗುತ್ತದೆ. ಆಮೇಲೆ ಅರಸಿನ ಉಜ್ಜಿ ತೊಳೆಯುತ್ತಾರೆ. ಈ ಸುಟ್ಟ ಚರ್ಮದ ರುಚಿ ಗಸಿಯ ಬುಡದಲ್ಲಿ ಕೂತಿರುತ್ತದೆ. ಪೇಟೆಯ ಅಂಗಡಿಯಲ್ಲಿ ಚರ್ಮ ಸುಲಿದು ಕೊಡುವ ಬ್ರಾಯ್ಲರಿಗೆ ಅದಿಲ್ಲ. ನಡುವೆ ಟೈಸನ್ ಎನ್ನುವ ಕೋಳಿಯೂ ಸಿಗುತ್ತದೆ, ನೆಂಟರು ಹೇಳದೆ ಬಂದಾಗ ಮಾನ ಉಳಿಸುವುದು ಅದೇ. ನನ್ನನ್ನು ಕೇಳಿದರೆ, ಬ್ರಾಯ್ಲರಿನ ಗಸಿಯಲ್ಲಿ ಮಾಂಸ ಬೇರೆ, ಮಸಾಲೆ ಬೇರೆ. ಎರಡಕ್ಕೂ ಪರಿಚಯವಾಗುವಷ್ಟರಲ್ಲಿ ಊಟ ಮುಗಿದಿರುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಯಾರೂ ಎಣಿಸದ ಬಿಸಿಲು ಬಂತು. ಮನೆಯ ಲೆಕ್ಕಾಚಾರವೆಲ್ಲ ಒಮ್ಮೆಲೇ ಬದಲಾಯಿತು. ಅಡಿಕೆಗೆ ಕೊಳೆರೋಗ ಬಾರದಿರಲು ಮದ್ದು ಬಿಡಬೇಕು. ಮದ್ದು ಬಿಟ್ಟ ಮೇಲೆ ಅದು ಗೊನೆಯಲ್ಲಿ ಒಣಗುವಷ್ಟಾದರೂ ಮಳೆ ತಡೆಯಬೇಕು. ಅಂಥ ಬಿಸಿಲು ಆಟಿಯಲ್ಲಿ ಆದಿತ್ಯವಾರವೆಂದು ನೋಡಿ ಬರುವುದಿಲ್ಲ. ಮಾವ ಚಹಾದ ಲೋಟ ಅರ್ಧಕ್ಕೇ ಇಟ್ಟು ಎದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಒಟ್ಟು ಸೇರಿಸಿದಾಗ ಡ್ರಮ್ಮಿನಲ್ಲಿ ಆಕಾಶದ ಬಣ್ಣದ ಬೋರ್ಡೋ ದ್ರಾವಣ. ಮೊದಲೆಲ್ಲ ಮರ ಹತ್ತುವವರಿಗಾಗಿ ಕಾಯಬೇಕಿತ್ತು. ಈಗ ಕಾರ್ಬನ್ ಫೈಬರಿನ ಉದ್ದ ದೋಟಿ ಹಿಡಿದು ನೆಲದಲ್ಲೇ ನಿಂತು ಬಿಡುವವರಿದ್ದಾರೆ. ಕುತ್ತಿಗೆ ಮಾತ್ರ ಸಂಜೆಯವರೆಗೂ ಮೇಲಕ್ಕೇ ನೋಡುತ್ತಿರಬೇಕು. "ಬಿಸಿಲು ಬಂತಲ್ಲ, ಇನ್ನು ಇವರು ಮನೆಗೆ ಕಾಲಿಡುವುದಿಲ್ಲ. ಮಧ್ಯಾಹ್ನಕ್ಕೆ ಗಂಜಿಯೇ ಆಯ್ತು. ಕೋಳಿ ರಾತ್ರಿಗೆ" ಎಂದು ಅಜ್ಜಿ ತೀರ್ಪು ಕೊಟ್ಟರು. ಆದಿತ್ಯವಾರದ ದೊಡ್ಡ ಊಟ ಇಲ್ಲಿ ಹಗಲಿಂದ ರಾತ್ರಿಗೆ ಸರಿಯುವುದು ಹೀಗೆ. ಅದರಿಂದ ಗಸಿಗೆ ಲಾಭವೇ.

ಮಸಾಲೆ ಹುರಿಯುವಾಗ ಅತ್ತೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಬಾಣಲೆಗೆ ಒಂದು ಚಮಚ ತೆಂಗಿನೆಣ್ಣೆ, ಬ್ಯಾಡಗಿ ಮೆಣಸು ಉಬ್ಬಿ ಗರಿಯಾಗುವವರೆಗೆ. ಅದನ್ನು ತೆಗೆದು ಕೊತ್ತಂಬರಿ, ಆಮೇಲೆ ಜೀರಿಗೆ, ಕಾಳುಮೆಣಸು, ಎಣಿಸಿ ಹಾಕಿದ ಹಾಗೆ ನಾಲ್ಕು ಮೆಂತೆ. ಮೆಂತೆ ಒಂದು ಗಳಿಗೆ ಹೆಚ್ಚು ಹುರಿದರೂ ಇಡೀ ಪದಾರ್ಥ ಕಹಿ. ಬೆಳ್ಳುಳ್ಳಿ, ನೀರುಳ್ಳಿ ಬೇರೆಯಾಗಿ. ಕೊನೆಗೆ ಕಾಯಿತುರಿ, ಸಣ್ಣ ಉರಿಯಲ್ಲಿ, ಬಿಳಿ ಹೋಗಿ ಕೆಂಪಾಗುವವರೆಗೆ ಕೈ ಬಿಡದೆ. ಮಿಕ್ಸಿ ತೊಳೆದು ಇಟ್ಟಾಗಿತ್ತು, ಕರೆಂಟು ಹೋಯಿತು. ಮಳೆಗಾಲದಲ್ಲಿ ಮರ ಬೀಳದ ದಿನವೂ ಕರೆಂಟು ಹೋಗಬಹುದು. ಹಾಗಾಗಿ ಜಗಲಿಯ ಮೂಲೆಯ ಕಡೆಯುವ ಕಲ್ಲನ್ನು ಈ ಮನೆಯವರು ಇನ್ನೂ ಅಂಗಳಕ್ಕೆ ಎಸೆದಿಲ್ಲ. ಸಂಪ್ರದಾಯದ ಪ್ರೀತಿ ಎಂದು ಬರೆದರೆ ಅತ್ತೆ ನಕ್ಕಾರು. ಒಬ್ಬರು ಗುಂಡು ತಿರುಗಿಸಿದರೆ ಇನ್ನೊಬ್ಬರು ಕೈಯಿಂದ ಮಸಾಲೆ ದೂಡುತ್ತಾರೆ. ಕಲ್ಲಿನ ಗುರುಗುರು ಸದ್ದಿನ ಮೇಲೆಯೇ ಮಾತು ನಡೆಯುತ್ತದೆ. ಯಾರ ಮಗಳಿಗೆ ಎಲ್ಲಿ ಸಂಬಂಧ ನೋಡುತ್ತಿದ್ದಾರೆ, ಯಾರ ತೋಟಕ್ಕೆ ಹಳದಿ ರೋಗ ಬಂತು, ಯಾವ ಸೊಸೈಟಿಯಲ್ಲಿ ಸಾಲಕ್ಕೆ ಬಡ್ಡಿ ಕಡಿಮೆ. ಕಾಯಿಹಾಲನ್ನೂ ಕೈಯಲ್ಲೇ ಹಿಂಡಿ, ದಪ್ಪದ್ದನ್ನು ಒಂದು ಪಾತ್ರೆಗೆ, ನೀರಾದದ್ದನ್ನು ಇನ್ನೊಂದಕ್ಕೆ. ಊರಿನ ಕೋಳಿ ನೀರುಹಾಲಿನಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಯುತ್ತದೆ. ದಪ್ಪ ಹಾಲು ಬೀಳುವುದು ಇಳಿಸುವ ಮೊದಲಷ್ಟೆ.

ಗಂಜಿ ಉಂಡು ಕಣ್ಣು ಮುಚ್ಚುವ ಹೊತ್ತಿಗೆ ಅಂಗಳದಲ್ಲಿ ಎರಡು ಸ್ಕೂಟರು ನಿಂತವು. ಅಡೂರಿನ ದೊಡ್ಡಮ್ಮನ ಮನೆಯವರು, ರೈನ್‌ಕೋಟಿನೊಳಗೆ ಮಕ್ಕಳು, ಕಾಲಿನ ಬಳಿ ಗೋಣಿಚೀಲದಲ್ಲಿ ಮರಗೆಣಸು. ಅವರ ಸ್ಕೂಟರಿನ ನಂಬರ್ ಪ್ಲೇಟು ಕೇರಳದ್ದು. ಜಾಲ್ಸೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ಮುರೂರಿಗೆ ಕರ್ನಾಟಕ ಮುಗಿಯುತ್ತದೆ. ಪಯಸ್ವಿನಿಯೂ ಕೆಳಗೆ ಹೋಗುತ್ತ ಹೋಗುತ್ತ ಚಂದ್ರಗಿರಿ ಎನ್ನುವ ಹೆಸರಿನಲ್ಲಿ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. 1956ರ ನವೆಂಬರ್ 1ರವರೆಗೆ ಈ ಎರಡೂ ಮನೆಗಳು ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು. ಅಂದು ಕಾಸರಗೋಡು ಕೇರಳಕ್ಕೆ ಹೋಯಿತು, ಮದುವೆ, ಬಾಣಂತನ, ಆದಿತ್ಯವಾರದ ಊಟ ಇದ್ದಲ್ಲೇ ಉಳಿದವು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಮಾತ್ರ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರು. ಆ ದಿನಗಳಲ್ಲಿ ಎರಡೂ ಮನೆಗಳಲ್ಲಿ ಗಸಿ ಬೆಂದಿತು, ಫೋನಿನಲ್ಲಿ ಫೋಟೊ ಹೋಯಿತು. "ಫೋಟೊಕ್ಕೆ ಉಪ್ಪು ಉಂಟಾ ಖಾರ ಉಂಟಾ" ಎಂದು ದೊಡ್ಡಮ್ಮ ಈಗಲೂ ಹೇಳುತ್ತಾರೆ.

ಬಂದವರು ಬಂದ ಕೂಡಲೇ ಕೆಲಸಕ್ಕೆ ಸೇರಿಕೊಂಡರು. ಆಡುವುದು ಅರೆಭಾಷೆ, ಪಕ್ಕದ ಮನೆಯವರು ಬಂದರೆ ತುಳು, ಅಡೂರಿನ ಮಕ್ಕಳು ಜಗಳಕ್ಕೆ ಮಲಯಾಳ. ಮನೆಯೊಳಗೆ ಮಾತ್ರ ಓಡಾಡುತ್ತಿದ್ದ ಅರೆಭಾಷೆಗೆ 2011ರಲ್ಲಿ ಸರ್ಕಾರದ ಅಕಾಡೆಮಿಯೂ ಆಯಿತು. ಒಲೆಯ ಮುಂದೆ ಅದರ ಸಭೆ ಅದಕ್ಕಿಂತ ಹಳೆಯದು.

ಈಗ ಶ್ಯಾವಿಗೆ. ಗಸಿಯೊಂದಿಗೆ ನೀರುದೋಸೆ ಆಗುತ್ತದೆ, ಉಂಡೆ ಆಗುತ್ತದೆ, ಪೇಟೆಯಿಂದ ತಂದ ಗರಿಗರಿ ರೊಟ್ಟಿಯನ್ನು ಮುರಿದು ಹಾಕಿ ನೆನೆಸಿದರೂ ಆಗುತ್ತದೆ. ಆದರೆ ಮನೆ ತುಂಬ ಜನ ಇದ್ದ ದಿನ ಒತ್ತು ಶ್ಯಾವಿಗೆಯೇ ಆಗಬೇಕು, ಯಾಕೆಂದರೆ ಅದು ಒಬ್ಬರಿಂದ ಆಗುವ ಕೆಲಸವಲ್ಲ. ನಿನ್ನೆ ರಾತ್ರಿಯೇ ನೆನೆಹಾಕಿದ ಎಂಟು ಕುಡ್ತೆ ಕುಚ್ಚಲಕ್ಕಿಯನ್ನು, ಸ್ವಲ್ಪ ಕಾಯಿ, ಉಪ್ಪು ಸೇರಿಸಿ ನೀರು ತಾಗಿಸದಷ್ಟು ಗಟ್ಟಿಯಾಗಿ ರುಬ್ಬಿದ್ದಾರೆ. ಮುಷ್ಟಿಯಷ್ಟು ಉಂಡೆ ಕಟ್ಟಿ ಅಟ್ಟಿನಳಗೆಯಲ್ಲಿ ಬಾಳೆಲೆಯ ಮೇಲೆ ಇಟ್ಟು ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದ್ದಾರೆ. ಮುಚ್ಚಳ ತೆಗೆದಾಗ ಎದ್ದ ಹಬೆಗೆ ಅಕ್ಕಿಯ, ಬಾಡಿದ ಬಾಳೆಲೆಯ ವಾಸನೆ. ಇನ್ನು ತಡ ಮಾಡುವ ಹಾಗಿಲ್ಲ. ಉಂಡೆ ಆರಿದರೆ ಕಲ್ಲಾಗುತ್ತದೆ, ತೂತಿನಿಂದ ಇಳಿಯುವುದಿಲ್ಲ.

ಮರದ ಮಣೆ ಅಟ್ಟದಿಂದ ಇಳಿದಿದೆ. ನಡುವೆ ತಳ ತೂತಾದ ಹಿತ್ತಾಳೆಯ ಕೊಳವೆ, ಮೇಲೆ ಒತ್ತುವ ಗೂಟ, ಅದಕ್ಕೊಂದು ಉದ್ದನೆಯ ಹಿಡಿ. ಅತ್ತೆ ಸುಡುವ ಉಂಡೆಯನ್ನು ಕೈಯಿಂದ ಕೈಗೆ ಹಾರಿಸುತ್ತ ತಂದು ಕೊಳವೆಗೆ ಹಾಕುತ್ತಾರೆ. ಹಿಡಿಯ ತುದಿಯಲ್ಲಿ ಅಡೂರಿನ ಹುಡುಗ, ಪಿಯುಸಿ ಓದುವವನು, ತನ್ನ ಇಡೀ ಭಾರವನ್ನು ಹಾಕಿ ತೂಗುತ್ತಾನೆ. ಮಣೆ ಕಿರ್ರೆನ್ನುತ್ತದೆ. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಕೆಳಗೆ ನೂರು ಎಳೆ ಒಟ್ಟಿಗೆ ಹೊರಟು ಮೊದಲ ಮಳೆಯ ಹಾಗೆ ನೇರ ಇಳಿಯುತ್ತವೆ. ಮೊಮ್ಮಗಳು ಬಾಳೆಲೆ ಹಿಡಿದು ಸುತ್ತ ತಿರುಗಿಸಬೇಕು, ಎಳೆಗಳು ಒಂದರ ಮೇಲೊಂದು ಚಕ್ಕುಲಿ ಸುತ್ತಬೇಕು. ಅವಳು ಬೇಗ ತಿರುಗಿಸಿದರೆ ಎಳೆ ತುಂಡಾಗುತ್ತದೆ, ನಿಧಾನವಾದರೆ ಮುದ್ದೆಯಾಗುತ್ತದೆ. "ಒತ್ತು, ಒತ್ತು, ಈಗ ಬಿಡಬೇಡ!" ಎಂದು ಅತ್ತೆ. "ನನ್ನ ಕಾಲು ನೆಲದಲ್ಲಿ ಇಲ್ಲ ಅತ್ತೆ!" ಎಂದು ಹುಡುಗ. ತಿರುಗಿಸಿ ಒತ್ತುವ ಮೂರು ಕಾಲಿನ ಕಬ್ಬಿಣದ ಮಣೆ ಈಗ ಸಂತೆಯಲ್ಲೂ ಸಿಗುತ್ತದೆ, ಅದಕ್ಕೆ ಇಷ್ಟು ಜನ ಬೇಡ. ಅದನ್ನು ಕೊಳ್ಳದಿರಲು ಅಜ್ಜಿ ಹೇಳುವ ಕಾರಣ ತುಕ್ಕು ಹಿಡಿಯುತ್ತದೆ ಎಂದು. ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಗುಡ್ಡದ ಕೆಳಗಿನ ಹವ್ಯಕರ ಮನೆಯಲ್ಲೂ ಇದೇ ಮಣೆ, ಇದೇ ಕಿರ್ರೆನ್ನುವ ಸದ್ದು. ಅಲ್ಲಿ ಶ್ಯಾವಿಗೆ ಹೋಗುವುದು ಬೆಲ್ಲ ಕದಡಿದ ಕಾಯಿಹಾಲಿಗೆ. ರಸ್ತೆಯಾಚೆಗಿನ ಮುಸ್ಲಿಮರ ಮನೆಯಲ್ಲಿ ಅಕ್ಕಿಹಿಟ್ಟಿನ ಪತ್ತಿರಿ ತಟ್ಟುತ್ತಾರೆ. ಒಂದೇ ಅಕ್ಕಿ, ಒಂದೇ ಕಾಯಿ. ಗದ್ದೆ ಮಾತ್ರ ಯಾರ ಮನೆಯ ಮುಂದೆಯೂ ಹೆಚ್ಚು ಉಳಿದಿಲ್ಲ, ಅಡಿಕೆಯಾಗಿದೆ, ರಬ್ಬರಾಗಿದೆ. ಕುಚ್ಚಲಕ್ಕಿ ಅಂಗಡಿಯ ಚೀಲದಲ್ಲಿ ಬರುತ್ತದೆ.

ನಾಲ್ಕು ಗಂಟೆಗೆ ಮೋಡ ಮುಚ್ಚಿತು. ಮದ್ದು ಒಣಗಿತ್ತು, ಮಾವನ ಮುಖ ಸಮಾಧಾನವಾಗಿತ್ತು. ಅಂಗಿಯ ಮೇಲೆಲ್ಲ ನೀಲಿ ಚುಕ್ಕೆ. ಬಿಸಿನೀರು ಮಿಂದು ಬರುವಷ್ಟರಲ್ಲಿ ಮೊಬೈಲಿನ ಗುಂಪಿನಲ್ಲಿ ಸುದ್ದಿ ಬಂತು: ಗಡಿಯ ಕಾಡಿನಿಂದ ಆನೆ ಇಳಿದಿವೆ, ಬಾಳೆ ಮುರಿದಿವೆ, ರಾತ್ರಿ ದ್ವಿಚಕ್ರದವರು ಜಾಗ್ರತೆ. ಮಂಡೆಕೋಲಿಗೆ ಇದು ಹೊಸ ಸುದ್ದಿಯೇನಲ್ಲ. ಇಲ್ಲಿ ಬಾಳೆ ನೆಡುವವನು ಆನೆಯ ಪಾಲನ್ನೂ ಲೆಕ್ಕ ಹಾಕಿಯೇ ನೆಡುತ್ತಾನೆ, ಪಟಾಕಿ ತೆಗೆದಿಟ್ಟಿರುತ್ತಾನೆ. ಅಡೂರಿನವರು ಸ್ಕೂಟರನ್ನು ಮಾಡಿನ ಕೆಳಗೆ ನೂಕಿದರು. "ಇವತ್ತು ಇಲ್ಲೇ ಮಲಗುವುದು, ಬೆಳಿಗ್ಗೆ ಶಾಲೆಗೆ ಇಲ್ಲಿಂದಲೇ" ಎಂದು ಯಾರೂ ಕೇಳದೆ ತೀರ್ಮಾನವಾಯಿತು.

ಊಟ ಜಗಲಿಯಲ್ಲಿ, ಹಾಸಿದ ಚಾಪೆಯ ಮೇಲೆ. ಹೊರಗೆ ಮಳೆ ಹೆಂಚಿನ ಮೇಲೆ ಕೈ ಬಿಟ್ಟು ಸುರಿಯುತ್ತಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು, ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಆಡಬೇಕು. ಬಾಳೆಲೆಯಲ್ಲಿ ಶ್ಯಾವಿಗೆಯ ಮೇಲೆ ಗಸಿ ಬಿದ್ದಾಗ ಅದು ಹರಿಯುವುದಿಲ್ಲ, ಎಳೆಗಳ ನಡುವೆ ಇಂಗುತ್ತದೆ. ಮೇಲೆ ಕೆಂಪೆಣ್ಣೆಯ ತೆಳು ಪದರ, ಒಗ್ಗರಣೆಯ ಕರಿದ ಬೆಳ್ಳುಳ್ಳಿ. ಮಧ್ಯಾಹ್ನವೇ ಬೆಂದ ಗಸಿ ಸಂಜೆಯವರೆಗೆ ಕೆಂಡದ ಮೇಲೆ ಕೂತು ಈಗ ಪೂರ್ತಿ ಹದಕ್ಕೆ ಬಂದಿದೆ. ಬದಿಗೆ ಕೆಸುವಿನೆಲೆಯ ಪತ್ರೊಡೆ ಒಂದೊಂದು ತುಂಡು, ಬೇಯಿಸಿದ ಮರಗೆಣಸು, ಅದಕ್ಕೆ ಗಾಂಧಾರಿ ಮೆಣಸಿನ ಚಟ್ನಿ. ಮೊದಲು ಮಕ್ಕಳಿಗೆ ಕಾಲು, ಮಾವನಿಗೆ ಕತ್ತು, ಅಜ್ಜಿಗೆ ಈರಲು. ಈ ಹಂಚಿಕೆ ಯಾರೂ ಬರೆದಿಟ್ಟದ್ದಲ್ಲ, ಬದಲಾದದ್ದೂ ಇಲ್ಲ. ಬೆಂಗಳೂರಿನ ಮಗ ಮೊದಲ ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಇನ್ನೊಂದು ಸುತ್ತು ಶ್ಯಾವಿಗೆ ಕೇಳಿದ. ನಾಳೆ ರಾತ್ರಿಯ ಬಸ್ಸಿನಲ್ಲಿ ಸಂಪಾಜೆ ಘಾಟಿ ಹತ್ತಿ ಹೋಗಬೇಕಾದವನು ಅವನು. ಹುರಿದು ಪುಡಿ ಮಾಡಿದ ಮಸಾಲೆ ಆಗಲೇ ಬಾಟಲಿಗೆ ಬಿದ್ದಿದೆ.

ಪಾತ್ರೆಯ ತಳದಲ್ಲಿ ಇನ್ನೂ ಇದೆ. ನಾಳೆ ಸೋಮವಾರ, ಈ ಮನೆಯಲ್ಲಿ ಮೀನು ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಆದಿತ್ಯವಾರ ರಾತ್ರಿ ಅಜ್ಜಿ ಸೌಟು ಹಿಡಿದು ಬಂದರೆ ಬೇಡ ಎನ್ನುವುದಕ್ಕೆ ಬೆಲೆಯಿಲ್ಲ. ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿಯೇ ಬಡಿಸುತ್ತಾರೆ. ಉಳಿಸಿದರೆ ಯಾರಿಗೆ? ಕೊನೆಗೆ ಪಾತ್ರೆಗೆ ಎರಡು ಮುಷ್ಟಿ ಶ್ಯಾವಿಗೆ ಹಾಕಿ, ತಳಕ್ಕೆ ಹತ್ತಿದ ಮಸಾಲೆಯೊಂದಿಗೆ ಕಲಸಿ, ಉಂಡೆ ಮಾಡಿ ಮಕ್ಕಳ ಕೈಗೊಂದು, ದೊಡ್ಡವರ ಕೈಗೊಂದು ಇಟ್ಟರು. ಊಟದಲ್ಲಿ ಎಲ್ಲಕ್ಕಿಂತ ರುಚಿ ಅದಕ್ಕೇ.

ಕೈ ತೊಳೆದು ಬಂದು ಅಡಿಕೆ ಕತ್ತರಿಸುತ್ತ ಮುಂದಿನ ವಾರದ ಮಾತು ಶುರುವಾಯಿತು.

"ಬರುವ ಆದಿತ್ಯವಾರ ನೀವೆಲ್ಲ ಅಡೂರಿಗೆ. ಮರಗೆಣಸು ನಾನು ಬೇಯಿಸುತ್ತೇನೆ, ಮೀನು ನೀವು ತನ್ನಿ" ಎಂದರು ದೊಡ್ಡಮ್ಮ.

"ಮೀನೆಲ್ಲಿ ಅಕ್ಕ?" ಎಂದರು ಮಾವ. "ನಮ್ಮಲ್ಲಿ ಜೂನ್ 1ರಿಂದ 61 ದಿನ ಬೋಟು ಇಳಿಯುವ ಹಾಗಿಲ್ಲ, ನಿಮ್ಮಲ್ಲಿ 52 ದಿನ. ಎರಡೂ ಕಡೆ ಬಾಗಿಲು ತೆಗೆಯುವುದು ಆಗಸ್ಟಿಗೇ."

"ಹಾಗಾದರೆ ಒಣಮೀನು ತನ್ನಿ. ಅದಕ್ಕೆಂತ ರಜೆ ಉಂಟಾ? ಮತ್ತೆ ಆ ಮಣೆಯನ್ನೂ ತನ್ನಿ, ನಮ್ಮದರ ಹಿಡಿ ಕಳೆದ ಸಲ ಇವನೇ ಮುರಿದದ್ದು."

ಪಿಯುಸಿ ಹುಡುಗ ಎದ್ದು ಆನೆಯ ಸುದ್ದಿ ನೋಡುವ ನೆಪದಲ್ಲಿ ಮೊಬೈಲು ಹಿಡಿದು ಒಳಗೆ ಹೋದ.