ಎತ್ತರಕ್ಕಿಂತ ಮೊದಲು ತೂಕ

ಮುಂಬಯಿ ಬಳಿಯ ಬದಲಾಪುರದಿಂದ ಬಾರವಿ ಅಣೆಕಟ್ಟಿನ ರಸ್ತೆ ಹಿಡಿದು ಮುರಬಾಡ, ಮಾಳಶೇಜ್ ಘಾಟಿನ ಕಡೆ ಹೊರಟರೆ ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಥಾರ್, ಜಿಪ್ಸಿ, ಜಿಮ್ನಿಗಳು ಸಾಲಾಗಿ ಸಿಗುತ್ತವೆ. ಕೆಲವು ಕಂಪನಿಯಿಂದ ಬಂದ ಹಾಗೇ ಇರುತ್ತವೆ. ಇನ್ನು ಕೆಲವು ಎರಡಿಂಚೋ ಮೂರಿಂಚೋ ಮೇಲೆದ್ದು ಎದೆಯುಬ್ಬಿಸಿ ನಿಂತಿರುತ್ತವೆ. ನೋಡುವವರ ಕಣ್ಣು ಹೋಗುವುದು ಆ ಎತ್ತರದ ಮೇಲೆ. ಕೆಲಸ ಬಲ್ಲ ಮಿಸ್ತ್ರಿ ಮಾತ್ರ ಮೊದಲು ಬಗ್ಗಿ ಗಾಡಿಯ ಅಡಿ ನೋಡುತ್ತಾನೆ, ಆಮೇಲೆ ಹಿಂದಿನ ಬಾಗಿಲು ತೆಗೆದು ಒಳಗೆ ಏನೇನು ಹೇರಿದ್ದಾರೆ ಎಂದು ನೋಡುತ್ತಾನೆ. ಸಸ್ಪೆನ್ಷನ್ ಎಂಬ ವಿದ್ಯೆ ಶುರುವಾಗುವುದೇ ಅಲ್ಲಿಂದ. ಗಾಡಿಯನ್ನು ಎಷ್ಟು ಎತ್ತಬೇಕು ಎಂಬ ಪ್ರಶ್ನೆ ಆಮೇಲಿನದು; ಅದು ಎಷ್ಟು ಭಾರ ಹೊರುತ್ತದೆ ಎಂಬುದು ಮೊದಲಿನದು.

ಹಾಗಾಗಿ ಬಿಡಿಭಾಗದ ಅಂಗಡಿಗೆ ಹೋಗುವ ಮುನ್ನ ಗಾಡಿ ತೂಗುವ ವಜನ್ ಕಾಟಾಕ್ಕೆ ಹೋಗಿ ಬರುವುದು ಜಾಣತನ. ಪ್ರವಾಸಕ್ಕೆ ಹೊರಡುವ ದಿನದ ಹಾಗೆಯೇ ಟ್ಯಾಂಕು ತುಂಬಿಸಿ, ಜನ, ಸಾಮಾನು, ಸ್ಟೆಪ್ನಿ ಎಲ್ಲ ಇಟ್ಟುಕೊಂಡು ಮೊದಲು ಮುಂದಿನ ಎಕ್ಸೆಲ್ ಮಾತ್ರ ಕಾಟಾದ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಬೇಕು, ಆಮೇಲೆ ಇಡೀ ಗಾಡಿಯನ್ನು. ಕಳೆದರೆ ಹಿಂದಿನ ಎಕ್ಸೆಲ್‌ನ ಭಾರ ಸಿಕ್ಕಿತು. ಉಕ್ಕಿನ ಬಂಪರ್ ಮತ್ತು ವಿಂಚ್ ಹಾಕಿಸಿದವರು ಮುಂದಿನ ಚಕ್ರಗಳ ಮೇಲೆ ಒಬ್ಬ ಆಳನ್ನು ಕಾಯಂ ಕೂರಿಸಿಕೊಂಡೇ ತಿರುಗುತ್ತಾರೆ. ಅಂಥ ಗಾಡಿಗೆ ಬೇಕಾದ ಸ್ಪ್ರಿಂಗೇ ಬೇರೆ, ವಾರವಿಡೀ ಕಲ್ಯಾಣ, ಠಾಣೆಯ ಟ್ರಾಫಿಕ್ಕಿನಲ್ಲಿ ಒಬ್ಬರೇ ಓಡಿಸುವ ಗಾಡಿಗೆ ಬೇಕಾದದ್ದೇ ಬೇರೆ. ಭಾರದ ಗಾಡಿಗೆಂದು ಮಾಡಿದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಪ್ರತಿ ಗುಂಡಿಯೂ ಸೊಂಟಕ್ಕೆ ತಾಗುತ್ತದೆ. ಉಬ್ಬುತಗ್ಗಿನಲ್ಲಿ ಚಕ್ರ ಕೆಳಗಿಳಿಯದೆ ನೆಲ ಬಿಡುತ್ತದೆ.

ಯಾವ ಗಾಡಿಯಲ್ಲಿ ಎಂಥ ಸ್ಪ್ರಿಂಗ್ ಇದೆ ಎಂಬುದೂ ಗೊತ್ತಿರಬೇಕು. 1985ರಲ್ಲಿ ಬಂದ ಜಿಪ್ಸಿಗೆ ನಾಲ್ಕೂ ಕಡೆ ಪಾಟಾ, ಅಂದರೆ ಲೀಫ್ ಸ್ಪ್ರಿಂಗ್. 2010ರ ಥಾರ್ ಸಿಆರ್‌ಡಿಇಗೆ ಹಿಂದೆ ಪಾಟಾ, ಮುಂದೆ ತಿರುಚಿಕೊಂಡು ಕೆಲಸ ಮಾಡುವ ಟಾರ್ಷನ್ ಬಾರ್. 2020ರ ಹೊಸ ಥಾರ್‌ಗೂ 2023ರ ಜಿಮ್ನಿಗೂ ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್.

ಪಾಟಾ ಸೆಟ್ಟಿನ ಚೆಲುವು ನಿಧಾನವಾಗಿ ನೋಡಿದವರಿಗೆ ತಿಳಿಯುತ್ತದೆ. ಮೇಲಿನ ಮೇನ್ ಪಾಟಾದ ಎರಡು ತುದಿಯೂ ಸುರುಳಿ ಸುತ್ತಿ ರಬ್ಬರ್ ಬುಷ್ ಕೂರಲು ಕಣ್ಣಾಗಿರುತ್ತದೆ. ಕೆಳಗಿನವು ಒಂದಕ್ಕಿಂತ ಒಂದು ಗಿಡ್ಡ. ನಟ್ಟನಡುವೆ ಸೆಂಟರ್ ಬೋಲ್ಟ್, ಅದರ ಎರಡೂ ಪಕ್ಕ ಎಕ್ಸೆಲ್ಲನ್ನು ಅಪ್ಪಿ ಹಿಡಿದ ಯು-ಬೋಲ್ಟುಗಳು. ಭಾರ ಬಿದ್ದಾಗ ಕಮಾನು ಚಪ್ಪಟೆಯಾಗಿ ಉದ್ದವಾಗುತ್ತದೆ. ಆ ಉದ್ದಕ್ಕೆ ಜಾಗ ಕೊಡಲು ಒಂದು ತುದಿಯಲ್ಲಿ ತೂಗಾಡುವ ಶ್ಯಾಕಲ್. ಪಾಟಾಗಳು ಒಂದರ ಮೇಲೊಂದು ಉಜ್ಜುವುದರಿಂದ ಕುಲುಕಾಟವೂ ಒಂದಿಷ್ಟು ತಗ್ಗುತ್ತದೆ.

ಇಲ್ಲೊಂದು ಲೆಕ್ಕ ನೆನಪಿಡಬೇಕು. ಪಾಟಾದ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಪಾಟಾದ ಜಾಗದಲ್ಲಿ ಅಷ್ಟೇ ಉದ್ದಗಲದ 8 ಮಿ.ಮೀ. ಪಾಟಾ ಹಾಕಿದರೆ ಅದೊಂದರ ಬಿಗಿ ಎರಡೂಕಾಲು ಪಟ್ಟಿಗೂ ಮೇಲೆ ಹೋಗುತ್ತದೆ. ಕಾಯಿಲ್ ಸ್ಪ್ರಿಂಗಿನಲ್ಲಿ ತಂತಿಯ ದಪ್ಪದ ನಾಲ್ಕನೇ ಘಾತ ಲೆಕ್ಕಕ್ಕೆ ಬರುತ್ತದೆ: 12 ಮಿ.ಮೀ. ತಂತಿ 13 ಆದರೆ, ಸುತ್ತುಗಳೂ ಅಗಲವೂ ಹಾಗೇ ಇದ್ದರೂ, ಬಿಗಿ ಶೇ. 38ರಷ್ಟು ಹೆಚ್ಚುತ್ತದೆ. ‘ಇನ್ನೊಂದು ದಪ್ಪ ಪಾಟಾ ತೂರಿಸಿಬಿಡಿ’ ಎನ್ನುವ ಗಿರಾಕಿಗೆ ಒಳ್ಳೆಯ ಮಿಸ್ತ್ರಿ ತಕ್ಷಣ ಹೂಂ ಅನ್ನದಿರುವುದು ಇದಕ್ಕೇ.

ನಮ್ಮ ಕರ್ನಾಟಕದ ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ಬಾಡಿಗೆ ಜೀಪುಗಳನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕಲ್ಲುಬಂಡೆ, ಕೊರಕಲುಗಳ ಆ ದಾರಿಯಲ್ಲಿ ಹಳೆಯ ಮಹೀಂದ್ರ ಜೀಪುಗಳು ತುಂಬಿದ ಜನರನ್ನು ಹೊತ್ತು ಹತ್ತುತ್ತವೆ. ಅವುಗಳ ಶಕ್ತಿ ಇರುವುದು ಹೊರುವ ಭಾರಕ್ಕೆ ಹೊಂದಿದ ಪಾಟಾದಲ್ಲಿ, ಕಲ್ಲು ಗುರುತಿಸಿ ಚಕ್ರ ಇಡುವ ಚಾಲಕನ ಕೈಯಲ್ಲಿ.

ಸ್ಪ್ರಿಂಗ್ ಭಾರ ಹೊತ್ತರೆ ಶಾಕ್ ಅಬ್ಸಾರ್ಬರ್ ಅದರ ಕುಣಿತ ನಿಲ್ಲಿಸುತ್ತದೆ. ಸಣ್ಣ ತೂತುಗಳ ಮೂಲಕ ಎಣ್ಣೆ ನುಗ್ಗುವಾಗ ಕುಲುಕಾಟದ ಶಕ್ತಿ ಬಿಸಿಯಾಗಿ ಹೊರಹೋಗುತ್ತದೆ. ಮುಂಬಯಿ ಲೋಕಲ್ ರೈಲಿನ ನಮ್ಮ ಸೆಂಟ್ರಲ್ ಲೈನಿಗೂ ಈ ವಿದ್ಯೆಗೂ ಹಳೆಯ ನಂಟು: ಗೇಬ್ರಿಯಲ್ ಇಂಡಿಯಾ 1961ರಲ್ಲಿ ಶುರುವಾದದ್ದು ಮುಲುಂಡಿನಲ್ಲಿ. ಒರಟು ದಾರಿಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಕಾದು ನೊರೆಯೇಳುತ್ತದೆ, ಹಿಡಿತ ತಪ್ಪುತ್ತದೆ. ನೊರೆ ತಡೆಯಲೆಂದೇ ಒಳಗೆ ನೈಟ್ರೋಜನ್ ಒತ್ತಡ ತುಂಬುತ್ತಾರೆ. ಕೊಳ್ಳುವಾಗ ಒಂಟಿ ಕೊಳವೆಯದೋ ಜೋಡಿ ಕೊಳವೆಯದೋ ಎಂದು ಕೇಳಬೇಕು. ಒಂಟಿ ಕೊಳವೆ ಬೇಗ ತಣಿಯುತ್ತದೆ, ಆದರೆ ಕಲ್ಲು ಬಡಿದು ಮೈ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳಬಹುದು. ಜೋಡಿ ಕೊಳವೆಯದು ಸಣ್ಣ ತಗ್ಗನ್ನು ತಡೆದುಕೊಳ್ಳುತ್ತದೆ. ಕಲ್ಲು ಹೆಚ್ಚಿರುವ ನದಿಪಾತ್ರಗಳಲ್ಲಿ ತಿರುಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಎತ್ತರಿಸಲೇಬೇಕು ಎಂದಾದರೆ ಜೊತೆಗೆ ಏನೇನು ಬದಲಾಗುತ್ತದೆ ಎಂಬ ಪಟ್ಟಿ ಮುಂದಿಟ್ಟುಕೊಳ್ಳಬೇಕು. ಎರಡಿಂಚು ಏರಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚುತ್ತದೆ, ಬ್ರೇಕ್ ಹೋಸ್ ಎಳೆದಂತಾಗುತ್ತದೆ, ಸ್ಟೇರಿಂಗ್ ನೇರ ನಿಲ್ಲದೆ ಅಲೆಯಬಹುದು. ಹಳೆ ಥಾರ್‌ನ ಟಾರ್ಷನ್ ಬಾರನ್ನು ಬಿಗಿ ಮಾಡಿ ಪುಕ್ಕಟೆ ಎತ್ತರ ಪಡೆದವರು ಮುಂದಿನ ಎಕ್ಸೆಲ್ ಶಾಫ್ಟಿನ ರಬ್ಬರ್ ಬೂಟು ಹರಿದಾಗ ಅದರ ಬೆಲೆ ತೆರುತ್ತಾರೆ. ಶಾಕರ್‌ನ ಉದ್ದವೂ ಹೊಂದಬೇಕು. ಸ್ಪ್ರಿಂಗ್ ಪೂರ್ತಿ ಇಳಿಯುವ ಮೊದಲೇ ಶಾಕರ್ ಪೂರ್ತಿ ಎಳೆದುಕೊಂಡರೆ ಅದರ ಕಣ್ಣೇ ಕಿತ್ತುಬರುತ್ತದೆ. ಶಾಕರ್ ಪೂರ್ತಿ ಒಳಸೇರುವ ಮೊದಲು ಬಂಪ್ ಸ್ಟಾಪಿನ ರಬ್ಬರ್ ತಾಗಲೇಬೇಕು. ಕಾನೂನನ್ನೂ ಮರೆಯಬಾರದು: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ಹೊರತಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ದುಡ್ಡು ಕೊಡುವ ಮುಂಚೆಯೇ ಆರ್‌ಟಿಒ, ವಿಮೆ ಎರಡನ್ನೂ ವಿಚಾರಿಸಿಕೊಳ್ಳಬೇಕು.

ಜೋಡಿಸುವಾಗ ಕೈಚಳಕ ಕಾಣುವುದು ಬುಷ್‌ನಲ್ಲಿ. ಅವಸರದ ಮಿಸ್ತ್ರಿ ಗಾಡಿ ಜಾಕ್ ಮೇಲಿರುವಾಗಲೇ ಎಲ್ಲ ಬೋಲ್ಟ್ ಬಿಗಿದು ಕೈ ಒರೆಸಿಕೊಳ್ಳುತ್ತಾನೆ. ಬಲ್ಲವನು ಬೋಲ್ಟುಗಳನ್ನು ಸಡಿಲವಾಗಿ ಸೇರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಅದುಮಿ ಕೂರಿಸಿ, ಭಾರವೆಲ್ಲ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡುತ್ತಾನೆ. ಹಾಗೆ ಮಾಡದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಒಮ್ಮೆ ಬಿಚ್ಚಿದ ಯು-ಬೋಲ್ಟನ್ನು ಆತ ಮತ್ತೆ ಹಾಕುವುದಿಲ್ಲ. ಅದು ಆಗಲೇ ಹಿಗ್ಗಿರುತ್ತದೆ. ಹೊಸದನ್ನೂ ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡುತ್ತಾನೆ.

ಆಮೇಲಿನ ಆರೈಕೆ ಮಾಲೀಕನದು. ಬದಲಾಪುರದ ಮಳೆ, ಕೆಸರು ಅಡಿಭಾಗವನ್ನು ಬಿಡುವುದಿಲ್ಲ. ಕೊಂಡೇಶ್ವರದ ಕಡೆಯಿಂದಲೋ ಮಾಳಶೇಜ್‌ನಿಂದಲೋ ಬಂದ ಮರುದಿನವೇ ನೀರು ಹೊಡೆದು ಪಾಟಾಗಳ ಸಂದಿನ ಮಣ್ಣು ಬಿಡಿಸಬೇಕು. ಒಣಗಿದ ಮೇಲೆ ಟಾರ್ಚು ಹಿಡಿದು ಯು-ಬೋಲ್ಟಿನ ಅಂಚಿನಲ್ಲಿ ಕೂದಲೆಳೆಯಂಥ ಕೆಂಪು ತುಕ್ಕಿನ ಗೆರೆ ಇದೆಯೇ ನೋಡಬೇಕು. ಅದು ಪಾಟಾ ಸೀಳುತ್ತಿರುವ ಗುರುತಾಗಿರಬಹುದು. ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ಬೇಡ, ಬುಷ್‌ನ ರಬ್ಬರ್ ಉಬ್ಬಿ ಕೊಳೆಯುತ್ತದೆ. ಒರಟು ದಾರಿ ದಾಟಿ ನಿಂತ ಕೂಡಲೇ ನಾಲ್ಕೂ ಶಾಕರ್‌ಗಳ ಹತ್ತಿರ ಅಂಗೈ ತಂದು ಬಿಸಿ ನೋಡಬೇಕು. ಮೂರು ಕಾದಿದ್ದು ಒಂದು ತಣ್ಣಗಿದ್ದರೆ ಅದು ದುಡಿಯುತ್ತಿಲ್ಲ ಎಂದರ್ಥ. ಸಮನೆಲದಲ್ಲಿ ನಿಲ್ಲಿಸಿ ಪ್ರತಿ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು, ತಾರೀಕಿನೊಂದಿಗೆ ಬರೆದಿಡುವುದು ಇನ್ನೂ ಒಳ್ಳೆಯದು. ಒಂದು ಮೂಲೆ ಕುಸಿಯುತ್ತಿರುವುದು ಕಣ್ಣಿಗೆ ಕಾಣುವ ಮೊದಲು ಆ ಪುಸ್ತಕದಲ್ಲಿ ಕಾಣುತ್ತದೆ.

ಖರ್ಚಿನ ಸರದಿಯೂ ಈ ಎಲ್ಲ ತಪಾಸಣೆಯಿಂದಲೇ ತೀರ್ಮಾನವಾಗುತ್ತದೆ. ಮೊದಲು ಸವೆದ ಬುಷ್, ಆಮೇಲೆ ಸತ್ತ ಶಾಕರ್, ಅದಾದ ಮೇಲೆ ತೂಗಿದ ಭಾರಕ್ಕೆ ಹೊಂದುವ ಸ್ಪ್ರಿಂಗ್. ಇಷ್ಟು ಸರಿಯಾದ ಗಾಡಿಯನ್ನು ಒಮ್ಮೆ ಘಾಟಿ ಹತ್ತಿಸಿ ನೋಡಿ. ಅದರ ಅಡಿ ನಿಜಕ್ಕೂ ಕಲ್ಲಿಗೆ ತಾಗುತ್ತಿದ್ದರೆ ಮಾತ್ರ ಎತ್ತರದ ಮಾತು ತೆಗೆಯಬಹುದು.