ಬ್ರೆಡ್ ಡಬ್ಬಿಯ ಹಾಡು

ಜರ್ಮನಿಯ ‘ವೆಲ್ಲೆ: ಎರ್ಡ್‌ಬಾಲ್’ ಎಂಬ ಸಂಗೀತ ತಂಡದವರು ತಮ್ಮ ಸದಸ್ಯರ ಹೆಸರು ಹೇಳುವಾಗ ಒಂದು ಕಂಪ್ಯೂಟರನ್ನೂ ಸೇರಿಸಿಕೊಂಡೇ ಹೇಳುತ್ತಾರೆ. ಅದರ ಹೆಸರು ಕಾಮಡೋರ್ 64. ಮುಂದೆ ನಿಂತು ಹಾಡುವಾತ ಹನಿ (ನಮ್ಮ ಮಳೆಹನಿಯಲ್ಲ, ಇಂಗ್ಲಿಷಿನ ಜೇನು). 1990ರ ದಶಕದ ಆರಂಭದಲ್ಲಿ ಶುರುವಾದ ಈ ತಂಡದಲ್ಲಿ ಗಾಯಕಿಯರು ಬಂದಿದ್ದಾರೆ, ಹೋಗಿದ್ದಾರೆ. ಹಾಲು ಹೆಚ್ಚಾದ ಕಾಫಿಯ ಬಣ್ಣದ ಆ ಯಂತ್ರ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಕಾಮಡೋರ್ 64 ಲೋಕಕ್ಕೆ ಮುಖ ತೋರಿಸಿದ್ದು 1982ರ ಜನವರಿಯಲ್ಲಿ, ಅಮೆರಿಕದ ಲಾಸ್ ವೇಗಸ್‌ನ ಮೇಳವೊಂದರಲ್ಲಿ. ಬೆಲೆ 595 ಡಾಲರ್, ಮೆಮೊರಿ 64 ಕಿಲೊಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಹುಟ್ಟಿದ್ದು ಅಲ್ಲಾದರೂ ಅದನ್ನು ಮನೆಮಗನಂತೆ ಸಾಕಿದ ದೇಶಗಳಲ್ಲಿ ಪಶ್ಚಿಮ ಜರ್ಮನಿ ಒಂದು. ಬ್ರೌನ್‌ಷ್ವೈಗ್ ಊರಿನಲ್ಲಿ ಕಂಪನಿಯ ಕಾರ್ಖಾನೆಯೇ ಇತ್ತು. ಹಾಲು, ಹಿಟ್ಟು ಮಾರುವ ಆಲ್ಡಿ ಅಂಗಡಿಗಳಲ್ಲೂ ಕಾಮಡೋರ್ ಸಿಗುತ್ತಿತ್ತು. ಉಬ್ಬಿದ ಅದರ ಮೈ ನೋಡಿ ಜನ ಇಟ್ಟ ಅಡ್ಡಹೆಸರು ‘ಬ್ರೋಟ್‌ಕಾಸ್ಟನ್’, ಅಂದರೆ ಬ್ರೆಡ್ ಡಬ್ಬಿ.

ಡಬ್ಬಿಯೊಳಗಿನ ನಿಜವಾದ ಸರಕು ‘ಸಿಡ್’ ಎಂಬ ಧ್ವನಿ ಚಿಪ್. ಅದನ್ನು ರೂಪಿಸಿದವರು ಬಾಬ್ ಯಾನೆಸ್. ಮುಂದೆ ಎನ್‌ಸೋನಿಕ್ ಎಂಬ ಸಿಂಥಸೈಸರ್ ಕಂಪನಿಯನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಆ ಕಾಲದ ಎಷ್ಟೋ ಕಂಪ್ಯೂಟರುಗಳು ‘ಬೀಪ್’ ಎನ್ನುವುದಕ್ಕೇ ತಿಣುಕುತ್ತಿದ್ದಾಗ, ಸಂಗೀತದ ಹುಚ್ಚಿದ್ದ ಯಾನೆಸ್ ಚಿಪ್ಪಿನೊಳಗೊಂದು ಪುಟ್ಟ ಸಿಂಥಸೈಸರನ್ನೇ ಕೂರಿಸಿದರು. ಆದರೂ ಅದಕ್ಕಿದ್ದದ್ದು ಮೂರೇ ಕೊರಳು. ಒಮ್ಮೆಗೆ ಮೂರು ಸ್ವರ, ಅಷ್ಟೇ. ಒಂದು ಕೊರಳು ಬೇಸ್ ಹಿಡಿದರೆ, ಇನ್ನೊಂದು ತಾಳಕ್ಕೆ ಹೋದರೆ, ಉಳಿದ ಒಂದರಲ್ಲಿ ರಾಗವನ್ನೂ ಅದರ ಹಿಂದಿನ ಸ್ವರಮೇಳವನ್ನೂ ಹೇಗೆ ನುಡಿಸುವುದು?

ಪ್ರೋಗ್ರಾಂ ಬರೆಯುವ ಹುಡುಗರು ಇದಕ್ಕೊಂದು ಉಪಾಯ ಕಂಡುಕೊಂಡರು. ಮೇಳದ ಮೂರು ಸ್ವರಗಳನ್ನು ಒಂದೇ ಕೊರಳಿನಿಂದ ಒಂದಾದ ಮೇಲೊಂದರಂತೆ, ಸೆಕೆಂಡಿಗೆ 50 ಸಲದ ವೇಗದಲ್ಲಿ ಬದಲಾಯಿಸುತ್ತ ಹೋದರು. ಕತ್ತಲಲ್ಲಿ ಕೊಳ್ಳಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದಲ್ಲ, ಕಿವಿಗೂ ಹಾಗೇ ಮೋಸ. ಹಳೆಯ ವಿಡಿಯೊ ಗೇಮುಗಳಲ್ಲಿ ಕೇಳುವ ಆ ನಡುಗುವ, ಗುಳುಗುಳು ಸದ್ದು ಹುಟ್ಟಿದ್ದು ಈ ಬಡತನದಿಂದ.

ಇನ್ನೊಂದು ಕಥೆ ಇದಕ್ಕಿಂತ ಸೊಗಸು. ಮೊದಲ ಸಿಡ್ ಚಿಪ್ಪಿನಲ್ಲಿ ಒಂದು ದೋಷವಿತ್ತು: ವಾಲ್ಯೂಮ್ ಬದಲಿಸಿದಾಗಲೆಲ್ಲ ‘ಟಿಕ್’ ಎನ್ನುತ್ತಿತ್ತು. ಹುಡುಗರು ಬಿಟ್ಟಾರೆಯೇ? ವಾಲ್ಯೂಮನ್ನು ಸೆಕೆಂಡಿಗೆ ಸಾವಿರಾರು ಸಲ ಏರಿಳಿಸಿ, ಆ ಟಿಕ್‌ಗಳನ್ನೇ ಪೋಣಿಸಿ, ಮನುಷ್ಯರ ಮಾತನ್ನೂ ಡ್ರಮ್ಮಿನ ಪೆಟ್ಟನ್ನೂ ಹೊರಡಿಸಿಬಿಟ್ಟರು. ಯಾರೂ ಕೊಟ್ಟಿರದ ನಾಲ್ಕನೇ ಕೊರಳು! ಮುಂದೆ ಕಂಪನಿ ದೋಷವನ್ನು ಸರಿಪಡಿಸಿ ಹೊಸ ಚಿಪ್ ತಂದಾಗ ಆ ಮಾತು, ಡ್ರಮ್ಮು ಎಲ್ಲ ಕೇಳಿಯೂ ಕೇಳದಷ್ಟು ಕ್ಷೀಣವಾದವು. ರಿಪೇರಿ ಮಾಡಿ ಕೆಡಿಸಿದ್ದು ಅಂದರೆ ಇದೇ.

ತಂಡದ ಹೆಸರಿಗೆ ಮಾತ್ರ ಕಂಪ್ಯೂಟರಿಗಿಂತ ಹಿಂದಿನ ಮೂಲವಿದೆ. ಅದು 1928ರ ಜರ್ಮನ್ ಬಾನುಲಿ ಕೃತಿಯೊಂದರ ಶೀರ್ಷಿಕೆಯಿಂದ ಬಂದದ್ದು. ಬಿಡಿಸಿ ಹೇಳಿದರೆ ‘ಭೂಗೋಳ ತರಂಗ’. ತಾವೊಂದು ರೇಡಿಯೊ ಕೇಂದ್ರ, ಕಛೇರಿಯೇ ಒಂದು ಪ್ರಸಾರ ಎಂಬುದು ಇವರ ಆಟ. ರೇಡಿಯೊಗೂ ಮನೆಗಂಪ್ಯೂಟರಿಗೂ ಎತ್ತಣಿಂದೆತ್ತ ಸಂಬಂಧ ಅನ್ನಬೇಡಿ. ಆಗ ಪ್ರೋಗ್ರಾಂಗಳನ್ನು ಮಾಮೂಲಿ ಕ್ಯಾಸೆಟ್ಟಿನಲ್ಲಿ ಕಿರುಚುವ ಸದ್ದಾಗಿ ತುಂಬಿಡುತ್ತಿದ್ದರು. 1980ರ ದಶಕದಲ್ಲಿ ನೆದರ್ಲೆಂಡ್ಸಿನ ರೇಡಿಯೊ ಆ ಕಿರುಚಾಟವನ್ನೇ ಪ್ರಸಾರ ಮಾಡುತ್ತಿತ್ತು. ಕೇಳುಗರು ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿಗೆ ಉಣಿಸುತ್ತಿದ್ದರು.

ಹಾಡುಗಳ ವಸ್ತುವೂ ಹಳೆಯ ಯಂತ್ರಗಳೇ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೇಲೊಂದು ಹಾಡಿದೆ. ‘ಸ್ಟಾರ್‌ಫೈಟರ್’ ಯುದ್ಧವಿಮಾನದ ಮೇಲೆ ಇನ್ನೊಂದು. ಪಶ್ಚಿಮ ಜರ್ಮನಿ ಕೊಂಡ 900ಕ್ಕೂ ಹೆಚ್ಚು ಸ್ಟಾರ್‌ಫೈಟರ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಅಪಘಾತಗಳಲ್ಲಿ ನಾಶವಾದವು. 116 ಪೈಲಟ್‌ಗಳು ಸತ್ತರು. ಜನ ಅದನ್ನು ಕರೆದದ್ದು ‘ವಿಧವೆಯರನ್ನು ಹುಟ್ಟಿಸುವ ವಿಮಾನ’ ಎಂದು. ಇಂಥದ್ದನ್ನು ಆಟಿಕೆಯಂಥ ದನಿಯಲ್ಲಿ, ಕುಣಿಯುವ ಲಯದಲ್ಲಿ ಹಾಡಿದಾಗ ಒಳಗೊಂದು ಚಳಿ ಹುಟ್ಟುತ್ತದೆ. ನನ್ನ ಮಟ್ಟಿಗೆ ಈ ತಂಡದ ಶಕ್ತಿಯಿರುವುದು ಇಲ್ಲೇ. ಬರೀ ‘ಆ ಕಾಲ ಚೆನ್ನಾಗಿತ್ತು’ ಎನ್ನುವ ಹಾಡುಗಳು ಮೂರನೆಯದಕ್ಕೇ ಸಪ್ಪೆಯಾಗುತ್ತವೆ.

ಹೋಲಿಕೆಗೆ ಡ್ಯೂಸೆಲ್‌ಡಾರ್ಫಿನ ಕ್ರಾಫ್ಟ್‌ವೆರ್ಕ್ ತಂಡ ಸಹಜವಾಗಿಯೇ ನೆನಪಾಗುತ್ತದೆ. ಅವರು ‘ಕಂಪ್ಯೂಟರ್‌ವೆಲ್ಟ್’ ಎಂಬ ಆಲ್ಬಂ ತಂದದ್ದು 1981ರಲ್ಲಿ, ಕಾಮಡೋರ್ 64 ಕಣ್ಣು ಬಿಡುವ ಮುಂಚೆ. ಅವರು ಬರಲಿರುವ ಕಾಲವನ್ನು ಹಾಡಿದರು. ಇವರು ಹಾಡುವುದು, ಒಂದು ಕಾಲದ ಜನ ಹಾಗೆ ಕನಸಿದ್ದರು ಎಂಬುದನ್ನು.

ಕಾಮಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಸಿಡ್ ಚಿಪ್ಪುಗಳು ಬಿಸಿಗೆ, ವಯಸ್ಸಿಗೆ ಒಂದೊಂದಾಗಿ ಸಾಯುತ್ತಿವೆ. ಅನುಕರಿಸುವ ನಕಲುಗಳೇನೋ ಇವೆ. ಆದರೆ ಮೊದಲ ತಲೆಮಾರಿನ ಚಿಪ್ಪುಗಳಲ್ಲಿ ಒಂದರ ಫಿಲ್ಟರ್ ದನಿ ಇನ್ನೊಂದರಂತಿರಲಿಲ್ಲ. ಅಸಲಿ ಚಿಪ್ ಕೆಟ್ಟರೆ ಇನ್ನೊಂದು ಹಳೆಯ ಬ್ರೆಡ್ ಡಬ್ಬಿಯನ್ನು ಹುಡುಕಿ ಬಿಚ್ಚಬೇಕು.