ಭೂಮಿ ಸುತ್ತಿ ಬಂದವಳನ್ನು ಕೇಳಿದವರಾರು?

ಅಂಕೋಲೆಯ ಬಸ್ ನಿಲ್ದಾಣದಿಂದ ಕಾರವಾರದ ನಿಲ್ದಾಣಕ್ಕೆ ಸುಮಾರು 35 ಕಿ.ಮೀ. ಪಾಸು ಹಿಡಿದು ಬೆಳಿಗ್ಗೆ ಹೋಗಿ ಸಂಜೆ ಮರಳುವ ಪದವಿ ವಿದ್ಯಾರ್ಥಿನಿಗೆ ದಿನಕ್ಕೆ 70 ಕಿ.ಮೀ. ಪ್ರಯಾಣ. ವರ್ಷಕ್ಕೆ 220 ದಿನ ಕಾಲೇಜು ಎಂದಿಟ್ಟುಕೊಳ್ಳಿ. ವರ್ಷಕ್ಕೆ 15,400 ಕಿ.ಮೀ. ಆಯಿತು, ಮೂರು ವರ್ಷಕ್ಕೆ 46,200 ಕಿ.ಮೀ. ಭೂಮಧ್ಯರೇಖೆಯ ಸುತ್ತಳತೆ 40,075 ಕಿ.ಮೀ. ಅಂದರೆ ಕೊನೆಯ ವರ್ಷದ ನಡುವೆಯೇ ಆ ಹುಡುಗಿ ಭೂಮಿಗೆ ಒಂದು ಸುತ್ತು ಹಾಕಿ ಮುಗಿಸಿರುತ್ತಾಳೆ. ಅದೇ ಬಸ್ಸಿನಲ್ಲಿ ಅವಳಂಥ 50 ಮಂದಿ ಇದ್ದರೆ, ಪದವಿ ಮುಗಿಯುವ ಹೊತ್ತಿಗೆ ಎಲ್ಲರ ಪ್ರಯಾಣ ಸೇರಿ 23 ಲಕ್ಷ 10 ಸಾವಿರ ಕಿ.ಮೀ. ಆಗುತ್ತದೆ. ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿದ್ದಾನೆ. ಒಂದು ಬಸ್ಸಿನ ಮಕ್ಕಳು ಚಂದ್ರಲೋಕಕ್ಕೆ ಮೂರು ಸಲ ಹೋಗಿ ಮೂರು ಸಲ ಬಂದಷ್ಟು ದೂರ ಅದು.

ಇಷ್ಟು ದೂರ ಸವೆಸಿದವರನ್ನು ಆ ಮೂರು ವರ್ಷಗಳಲ್ಲಿ ಎಷ್ಟು ಸಲ ಕರೆದು ಕೇಳಿದ್ದೇವೆ, "ನಿಮಗೆ ಬಸ್ಸು ಎಷ್ಟು ಗಂಟೆಗೆ ಬೇಕು?" ಎಂದು? ಸಾರಿಗೆಯ ಬಗ್ಗೆ ಬರೆಯಲು ಕುಳಿತಾಗ ನನ್ನನ್ನು ಬೆರಗುಗೊಳಿಸಿದ್ದು ಇದೇ. ಕಣ್ಣೆದುರು ನಿಂತ ಅಂಕಿಗಳು ಗುಡ್ಡದಷ್ಟು. ಆ ಅಂಕಿಗಳೊಳಗೆ ಪ್ರಯಾಣಿಕರ ಮಾತಿಗೆ ಬಿಟ್ಟ ಜಾಗ ಸೂಜಿಯ ಕಣ್ಣಿನಷ್ಟು.

ಮೊದಲು ಹಣದ ಗಾತ್ರ ನೋಡೋಣ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. 2025ರ ಜುಲೈ 14ರಂದು 500ನೇ ಕೋಟಿಯ ಟಿಕೆಟ್ಟನ್ನು ಮುಖ್ಯಮಂತ್ರಿಗಳೇ ನೀಡಿದರು. ನಡುವೆ ಕಳೆದದ್ದು 764 ದಿನ. ಭಾಗಿಸಿದರೆ ದಿನಕ್ಕೆ 65 ಲಕ್ಷಕ್ಕೂ ಹೆಚ್ಚು ಟಿಕೆಟ್ಟು. ಹಗಲು ರಾತ್ರಿಯೆನ್ನದೆ ಸೆಕೆಂಡಿಗೆ 75 ಹೆಣ್ಣುಮಕ್ಕಳು ಈ ನಾಡಿನ ಎಲ್ಲೋ ಒಂದು ಬಸ್ಸಿನ ಮೆಟ್ಟಿಲೇರಿದ ಲೆಕ್ಕ. ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ನಾಲ್ಕೈದು ಬಸ್ಸು ತುಂಬಿರುತ್ತವೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಈ ಯೋಜನೆಗೆ ಇಟ್ಟ ಹಣ 5,300 ಕೋಟಿ ರೂಪಾಯಿ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಗಂಡು, ಹೆಣ್ಣು, ಕೂಸು, ಮುದುಕರೆನ್ನದೆ ತಲೆಗೆ ಹಂಚಿದರೆ 867 ರೂಪಾಯಿ. ಇದೇ ತಲೆಲೆಕ್ಕದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ 14,37,169 ಜನರ ಪಾಲು ಸುಮಾರು 125 ಕೋಟಿ.

ಆದರೆ ಈ ಹಣ ಹರಿಯುವುದು ತಲೆಯ ಲೆಕ್ಕದಲ್ಲಲ್ಲ, ಹರಿದ ಟಿಕೆಟ್ಟಿನ ಲೆಕ್ಕದಲ್ಲಿ. ಬಸ್ಸು ಓಡಿದಲ್ಲಿ ಟಿಕೆಟ್ಟು, ಟಿಕೆಟ್ಟು ಇದ್ದಲ್ಲಿ ಹಣ. ದಿನಕ್ಕೆ ಎರಡೇ ಬಸ್ಸು ಕಾಣುವ ಘಟ್ಟದ ಬುಡದ ಊರಿಗೆ ಉಚಿತ ಪ್ರಯಾಣವೂ ದಿನಕ್ಕೆ ಎರಡೇ ಸಲ ಬರುತ್ತದೆ. ವಸ್ತಿ ಬಸ್ಸು ನಿಂತುಹೋದ ಊರಿಗೆ ಅದು ಬರುವುದೇ ಇಲ್ಲ. ಹಾಗಾಗಿ ಸಾರಿಗೆಯಲ್ಲಿ ಹಣದ ಪ್ರಶ್ನೆ ಕೊನೆಗೆ ವೇಳಾಪಟ್ಟಿಯ ಪ್ರಶ್ನೆಯಾಗುತ್ತದೆ. ಯಾವ ಊರಿಗೆ, ಎಷ್ಟು ಹೊತ್ತಿಗೆ, ಎಷ್ಟು ಬಸ್ಸು ಎಂದು ಯಾರು ತೀರ್ಮಾನಿಸುತ್ತಾರೋ ಅವರೇ ಆ 5,300 ಕೋಟಿಯ ದಾರಿಯನ್ನೂ ತೀರ್ಮಾನಿಸುತ್ತಾರೆ.

ಇನ್ನು ನೆಲದ ಅಳತೆ. ಕಾರವಾರದ ಕಾಳಿ ಸೇತುವೆ ದಾಟಿ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಗೋವಾ. 2011ರ ಗಣತಿಯಲ್ಲಿ ಗೋವಾದ ಜನಸಂಖ್ಯೆ 14,58,545. ಉತ್ತರ ಕನ್ನಡದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಗೋವಾದ ವಿಸ್ತೀರ್ಣ 3,702 ಚದರ ಕಿ.ಮೀ., ನಮ್ಮ ಜಿಲ್ಲೆಯದು 10,000 ಚದರ ಕಿ.ಮೀ.ಗೂ ಹೆಚ್ಚು. ಅಷ್ಟೇ ಜನ ಸುಮಾರು ಮೂರು ಪಟ್ಟು ನೆಲದಲ್ಲಿ ಹರಡಿದ್ದಾರೆ, ಅದೂ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಕಡಿದು ಹಾಕಿದ ನೆಲದಲ್ಲಿ, ಮೇಲೆ ಘಟ್ಟ, ಕೆಳಗೆ ಕಡಲು.

ಈಗ ಪ್ರತಿನಿಧಿಗಳನ್ನು ಎಣಿಸಿ. ಗೋವಾದ ವಿಧಾನಸಭೆಗೆ 40 ಶಾಸಕರು. ಉತ್ತರ ಕನ್ನಡಕ್ಕೆ ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರ, ಒಟ್ಟು 6. ಗೋವಾದಲ್ಲಿ ಸುಮಾರು 36,500 ಜನರಿಗೆ ಒಬ್ಬ ಶಾಸಕ, ಇಲ್ಲಿ ಸುಮಾರು 2,39,500 ಜನರಿಗೆ ಒಬ್ಬರು. ಗೋವಾದ ಶಾಸಕರಿಗೆ ಸರಾಸರಿ 92 ಚದರ ಕಿ.ಮೀ. ಕ್ಷೇತ್ರ, ಇಲ್ಲಿಯವರಿಗೆ 1,700 ಚದರ ಕಿ.ಮೀ. ಕಾರವಾರ ಮತ್ತು ಅಂಕೋಲೆ ಎರಡೂ ತಾಲ್ಲೂಕು ಸೇರಿ ಒಬ್ಬರೇ ಶಾಸಕರು. ಗೋವಾಕ್ಕೆ ತನ್ನದೇ ಕದಂಬ ಸಾರಿಗೆ ನಿಗಮವಿದೆ, ಕೊಂಕಣ ರೈಲ್ವೆಯ ಆರಂಭದ ಬಂಡವಾಳದಲ್ಲಿ ಶೇ. 6ರ ಪಾಲಿತ್ತು. ನಮ್ಮ ಬಸ್ಸುಗಳ ಕೇಂದ್ರ ಕಚೇರಿ ಘಟ್ಟದ ಮೇಲೆ ಹುಬ್ಬಳ್ಳಿಯಲ್ಲಿದೆ, ವಿಭಾಗೀಯ ಕಚೇರಿ ಶಿರಸಿಯಲ್ಲಿದೆ. ಶಾಸಕರು ದುಡಿಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಒಬ್ಬರು ಎರಡೂಕಾಲು ಲಕ್ಷಕ್ಕೂ ಹೆಚ್ಚು ಜನರ ಬಸ್ಸಿನ ಹೊತ್ತನ್ನು ನೆನಪಿಟ್ಟುಕೊಳ್ಳಲಾರರು, ಅಷ್ಟೇ. ಅದಕ್ಕೇ ಜನರ ಮಾತು ನೇರವಾಗಿ ಸೇರುವ ಬೇರೆ ದಾರಿ ಈ ಜಿಲ್ಲೆಗೆ ಎಲ್ಲರಿಗಿಂತ ಹೆಚ್ಚು ಬೇಕು.

ರಸ್ತೆಗೆ ಬನ್ನಿ. ಗೋವಾ ಗಡಿಯಿಂದ ಕುಂದಾಪುರದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ನಾಲ್ಕು ಪಥ ಮಾಡುವ ಸುಮಾರು 190 ಕಿ.ಮೀ. ಯೋಜನೆಯ ಅಂದಾಜು ವೆಚ್ಚ 2,639 ಕೋಟಿ ರೂಪಾಯಿ. ಒಂದು ಮೀಟರಿಗೆ 1 ಲಕ್ಷ 39 ಸಾವಿರ. ಆ ರಸ್ತೆಯ ಮೇಲೆ ನೀವು ಒಂದು ಹೆಜ್ಜೆ ಇಟ್ಟರೆ ಕಾಲಡಿಯಲ್ಲಿ ಲಕ್ಷ ರೂಪಾಯಿ. ಅದೇ ಹೆದ್ದಾರಿಯಲ್ಲಿ 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು 11 ಜೀವಗಳು ಹೋದವು. ಗಂಗಾವಳಿಯ ಆಚೆ ದಡದ ಉಳುವರೆ ಗ್ರಾಮಕ್ಕೂ ನೀರು ಅಪ್ಪಳಿಸಿತು. ಕುಸಿತಕ್ಕೆ ಸಿಕ್ಕಿ ನದಿಯ ತಳ ಸೇರಿದ್ದ ಲಾರಿಯೊಂದನ್ನು ಎತ್ತಲು ಸೆಪ್ಟೆಂಬರ್ 25ರವರೆಗೆ, ಎರಡು ತಿಂಗಳ ಮೇಲೆ ಹಿಡಿಯಿತು. ಶಿರೂರಿನ 22 ದಿನಗಳ ಬಳಿಕ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ ಲಾರಿಯ ಸಮೇತ ನೀರಿಗೆ ಬಿತ್ತು. ಚಾಲಕ ಬದುಕಿದ್ದು ನಮ್ಮ ಪುಣ್ಯ.

ವರ್ಷಕ್ಕೆ ಹತ್ತಿರ ಹತ್ತಿರ ಮೂರು ಮೀಟರ್ ಮಳೆ ಸುರಿಯುವ ಸೀಮೆ ಇದು. ಯಾವ ಇಳಿಜಾರಿನಿಂದ ಕೆಂಪು ನೀರು ಒಸರುತ್ತದೆ, ಯಾವ ಸೇತುವೆ ಲಾರಿ ಹೋದಾಗ ನಡುಗುತ್ತದೆ ಎಂಬುದು ಅಲ್ಲಿ ದಿನವೂ ಓಡಾಡುವವರಿಗೆ ಮೊದಲು ಗೊತ್ತಾಗುತ್ತದೆ. ಬಸ್ಸಿನ ಚಾಲಕನಿಗೆ ಗೊತ್ತು, ದಡದಲ್ಲಿ ಬಲೆ ಒಣಹಾಕುವವನಿಗೆ ಗೊತ್ತು. ಈ ತಿಳಿವಳಿಕೆಗೆ ಖರ್ಚಿಲ್ಲ. ಅದನ್ನು ಬರೆದುಕೊಂಡು ಉತ್ತರ ಹೇಳುವ ಒಂದು ವಹಿ ಮಾತ್ರ ಬೇಕು.

ರೈಲಿನ ಅಂಕಿಗಳು ಇನ್ನೂ ಬೆರಗಿನವು. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈಯಲ್ಲಿ. 741 ಕಿ.ಮೀ. ಮಾರ್ಗ, ಸುಮಾರು 2,000 ಸೇತುವೆ, 90ಕ್ಕೂ ಹೆಚ್ಚು ಸುರಂಗ. ಹೊನ್ನಾವರದ ಶರಾವತಿ ಸೇತುವೆಯೊಂದೇ ಎರಡು ಕಿ.ಮೀ.ಗಿಂತ ಉದ್ದ. 1998ರ ಜನವರಿ 26ಕ್ಕೆ ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ಏಳೂವರೆ ವರ್ಷಕ್ಕೆ 741 ಕಿ.ಮೀ. ಹಣ ಬಂದದ್ದು ಸಾರ್ವಜನಿಕರಿಗೆ ಮಾರಿದ ಬಾಂಡುಗಳಿಂದ ಮತ್ತು ಕೇಂದ್ರ ಹಾಗೂ ನಾಲ್ಕು ರಾಜ್ಯಗಳ ಬಂಡವಾಳದಿಂದ. ಆ ಬಂಡವಾಳದಲ್ಲಿ ಕರ್ನಾಟಕದ್ದು ಶೇ. 15. ಆ ಸಾಲದ ಭಾರ ಪ್ರಯಾಣಿಕನ ಜೇಬಿಗೂ ಇಳಿಯಿತು: ನಿಜವಾದ ದೂರಕ್ಕೆ ಶೇ. 40 ಸೇರಿಸಿ ಟಿಕೆಟ್ ದರ ಲೆಕ್ಕ ಹಾಕುವ ಪದ್ಧತಿ ಈ ಮಾರ್ಗದಲ್ಲಿ ಬಂತು. ಹಳಿಯ ಮೇಲೆ 100 ಕಿ.ಮೀ. ಇದ್ದದ್ದು ಟಿಕೆಟ್ಟಿನ ಲೆಕ್ಕದಲ್ಲಿ 140.

ಈ ಮಾರ್ಗ ಕಟ್ಟುವಾಗ ಜನರ ಮಾತಿಗೆ ತೂಕ ಬಂದದ್ದು ಎಲ್ಲಿ? ಗೋವಾದಲ್ಲಿ. ಹಳಿ ಎಲ್ಲಿ ಹಾದುಹೋಗಬೇಕೆಂಬ ಬಗ್ಗೆ ಅಲ್ಲಿ ದೊಡ್ಡ ಚಳವಳಿಯೇ ನಡೆದು, 1993ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಓಝಾ ಅವರ ಆಯೋಗವನ್ನು ಕೇಂದ್ರ ನೇಮಿಸಬೇಕಾಯಿತು.

ಇನ್ನೊಂದು ಮಾರ್ಗ ಹುಬ್ಬಳ್ಳಿ–ಅಂಕೋಲಾ. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ರೈಲಿನಲ್ಲಿ ಇಳಿಸಬೇಕೆಂಬ ಮಾತು 19ನೇ ಶತಮಾನದ್ದು. 1888ರಲ್ಲಿ ಗೋವಾದ ಮುರಗಾಂವಕ್ಕೆ ಪೋರ್ಚುಗೀಸರ ರೈಲು ಬಂದಾಗ ಸರಕು ಆ ಕಡೆ ಹರಿಯಿತು, ಕಾರವಾರ ಕಾಯುತ್ತ ಉಳಿಯಿತು. ಸ್ವತಂತ್ರ ಭಾರತದಲ್ಲಿ ಈ ಮಾರ್ಗಕ್ಕೆ ಮಂಜೂರಾತಿ ಸಿಕ್ಕದ್ದು 1990ರ ದಶಕದ ಕೊನೆಯಲ್ಲಿ. ಉದ್ದ ಸುಮಾರು 164 ಕಿ.ಮೀ., ಅಂದರೆ ಕೊಂಕಣ ಮಾರ್ಗದ ಕಾಲು ಭಾಗಕ್ಕಿಂತ ಕಡಿಮೆ. ಕಾಲು ಶತಮಾನ ದಾಟಿದರೂ ಘಟ್ಟ ಇಳಿದಿಲ್ಲ. ಏಕೆಂದರೆ ಅದಕ್ಕೆ 595.64 ಹೆಕ್ಟೇರ್ ಕಾಡು ಬೇಕು, ಎರಡು ಲಕ್ಷಕ್ಕೂ ಹೆಚ್ಚು ಮರ ಉರುಳಬೇಕು. 2020ರ ಮಾರ್ಚಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು, ಅದೇ ವರ್ಷ ಹೈಕೋರ್ಟು ತಡೆ ನೀಡಿತು.

ರೈಲು ಬೇಕೆನ್ನುವ ಅಂಕೋಲೆಯ ವ್ಯಾಪಾರಿಯೂ ನಮ್ಮವನೇ, ಕಾಡು ಉಳಿಯಲಿ ಎನ್ನುವ ಯಲ್ಲಾಪುರದ ರೈತನೂ ನಮ್ಮವನೇ. ಇಬ್ಬರನ್ನೂ ಮೊದಲೇ ಒಂದೆಡೆ ಕೂರಿಸಿ ಕೇಳಬೇಕೆಂಬ ಕಟ್ಟಳೆ ಇದೆಯೇ ಎಂದು ಹುಡುಕಿದರೆ ಇನ್ನೊಂದು ಬೆರಗು ಕಾದಿರುತ್ತದೆ. 2006ರ ಸೆಪ್ಟೆಂಬರಿನ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಬಂದರು ಇದೆ, ಹೆದ್ದಾರಿ ಇದೆ, ವಿಮಾನ ನಿಲ್ದಾಣವಿದೆ. ರೈಲು ಮಾರ್ಗ ಇಲ್ಲ. ಹಾಗಾಗಿ ಅಂಕೋಲೆಯ ಕೇಣಿ ಬಂದರಿಗಾಗಿ 2025ರ ಆಗಸ್ಟಿನಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು, ಮೀನುಗಾರರು ದೊಡ್ಡ ಸಂಖ್ಯೆಯಲ್ಲಿ ಬಂದು ತಮ್ಮ ವಿರೋಧವನ್ನು ದಾಖಲಿಸಿದರು. ಘಟ್ಟವನ್ನೇ ಸೀಳುವ ರೈಲು ಮಾರ್ಗಕ್ಕೆ ಆ ಅಧಿಸೂಚನೆ ಅಂಥ ಸಭೆಯನ್ನು ಕೇಳುವುದೇ ಇಲ್ಲ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 17ನೇ ಕಲಮು ಸಲಹಾ ಮಂಡಳಿಗಳನ್ನು ರಚಿಸಲು ರಾಜ್ಯಕ್ಕೆ ಅಧಿಕಾರ ಕೊಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯ 100ನೇ ಕಲಮಿನಂತೆ, ಒಂದು ಮಾರ್ಗವನ್ನು ಸರ್ಕಾರಿ ಬಸ್ಸಿಗೆ ಮೀಸಲಿಡುವ ಕರಡು ಯೋಜನೆ ರಾಜ್ಯಪತ್ರದಲ್ಲಿ ಬಂದ 30 ದಿನಗಳೊಳಗೆ ಯಾವ ಪ್ರಜೆಯಾದರೂ ಆಕ್ಷೇಪ ಸಲ್ಲಿಸಬಹುದು. ರೈಲ್ವೆಗೆ ಬಳಕೆದಾರರ ಸಲಹಾ ಸಮಿತಿಗಳಿವೆ. ಇವೆಲ್ಲಕ್ಕಿಂತ ದೊಡ್ಡದು ಸಂವಿಧಾನದ 243 ಝಡ್‌ಡಿ ವಿಧಿ ಹೇಳುವ ಜಿಲ್ಲಾ ಯೋಜನಾ ಸಮಿತಿ. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳ ಚುನಾಯಿತ ಸದಸ್ಯರಿಂದಲೇ ಆರಿಸಿ ಬರಬೇಕು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿಗೆ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲೇ ಇಲ್ಲ. ಆರಿಸಿ ಕಳಿಸಬೇಕಾದವರೇ ಇಲ್ಲದಿದ್ದರೆ ಸಮಿತಿಯಲ್ಲಿ ಊರಿನ ಮಾತಾಡುವವರು ಯಾರು?

ಜನ ಕಡಿಮೆ, ಗುಡ್ಡ ಹೆಚ್ಚು, ಹೀಗಿರುವಲ್ಲಿ ಬಸ್ಸು ಓಡಿಸುವುದು ನಷ್ಟ ಎಂಬ ಮಾತನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಸ್ವಿಟ್ಜರ್ಲೆಂಡಿನ ಗ್ರಾವ್‌ಬುಂಡನ್ ಎಂಬ ಪ್ರಾಂತ ನೋಡಿ. 7,105 ಚದರ ಕಿ.ಮೀ., ಸುಮಾರು ಎರಡು ಲಕ್ಷ ಜನ. ಚದರ ಕಿ.ಮೀ.ಗೆ 28 ಮಂದಿ. ಉತ್ತರ ಕನ್ನಡದಲ್ಲಿ 140. ನಮ್ಮ ಐದರಲ್ಲೊಂದು ಸಾಂದ್ರತೆಯ ಆ ಹಿಮದ ಬೆಟ್ಟಗಳಲ್ಲಿ ಅಂಚೆ ಸಂಸ್ಥೆಯ ಹಳದಿ ಬಸ್ಸು ಕಣಿವೆಯ ತುದಿಯ ಹಳ್ಳಿಗಳಿಗೂ ಹೋಗುತ್ತದೆ. ಆ ದೇಶ ನಮಗಿಂತ ಬಹಳ ಶ್ರೀಮಂತ, ನಿಜ. ಆದರೆ ಅವರ ಒಂದು ರೂಢಿಗೆ ಹಣವೇ ಬೇಕಿಲ್ಲ: ಮುಂದಿನ ವರ್ಷದ ವೇಳಾಪಟ್ಟಿಯ ಕರಡನ್ನು ಪ್ರತಿವರ್ಷ ಜನರ ಮುಂದಿಟ್ಟು, ಅವರ ಅಭಿಪ್ರಾಯ ಕೇಳಿ, ಆಮೇಲೆ ಅಂತಿಮಗೊಳಿಸುತ್ತಾರೆ. ಅಂಕೋಲಾ ಡಿಪೋದ ಗೋಡೆಗೆ ಕರಡು ವೇಳಾಪಟ್ಟಿಯ ಹಾಳೆಯೊಂದನ್ನು 30 ದಿನ ಅಂಟಿಸಲು ಎಷ್ಟು ಖರ್ಚು? ಒಂದು ಡಬ್ಬಿ ಗೋಂದು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಸರ್ಕಾರ ಅಂಕಿಯ ಭಾಷೆಯಲ್ಲಿ ಮಾತಾಡುತ್ತದೆ, ನಾವೂ ಅದೇ ಭಾಷೆಯಲ್ಲಿ ಕೇಳೋಣ. ನಿಮ್ಮ ನಿಲ್ದಾಣದಲ್ಲಿ ಒಂದು ವಾರ ಎಣಿಸಿ: ಎಷ್ಟು ಗಂಟೆಗೆ ಎಷ್ಟು ಜನ ನಿಂತರು, ಎಷ್ಟು ಜನರನ್ನು ಬಿಟ್ಟು ಬಸ್ಸು ಹೋಯಿತು, ಸಂಜೆ ಎಷ್ಟು ಮಕ್ಕಳು ಕತ್ತಲೆಯಲ್ಲಿ ನಡೆದು ಮನೆ ಸೇರಿದರು. ಆ ಲೆಕ್ಕವನ್ನು ಮುಂದಿನ ಗ್ರಾಮಸಭೆಗೆ ಒಯ್ಯಿರಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯನ್ನು ಡಿಪೋ ವ್ಯವಸ್ಥಾಪಕರಿಗೂ ಜಿಲ್ಲಾಧಿಕಾರಿಗೂ ಕಳಿಸಿ. ಜಿಲ್ಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿವೆ. ಎಲ್ಲ ಕಡೆಯಿಂದ ಇಂಥ ಒಂದೊಂದು ಹಾಳೆ ಬಂದರೆ, ಈ ಜಿಲ್ಲೆಯ ಸಾರಿಗೆ ಯೋಜನೆಯ ಮೊದಲ ಕರಡನ್ನು ಪ್ರಯಾಣಿಕರೇ ಬರೆದಂತಾಗುತ್ತದೆ. ಭೂಮಿಗೆ ಒಂದು ಸುತ್ತು ಹಾಕಿ ಬಂದ ಹುಡುಗಿಗೆ ಅದರಲ್ಲಿ ಒಂದು ಸಾಲು ಬರೆಯುವ ಹಕ್ಕಿದೆ. ಆ ಸಾಲನ್ನು ಬರೆಸಿಕೊಳ್ಳುವ ಹೊಣೆ ನಮ್ಮದು.